ಭೇದಿಗೆ ಮೊದಲ ಮದ್ದು



ಮನೆಯಲ್ಲಿ ಪುಟ್ಟ ತಮ್ಮನಿಗೆ ಭೇದಿ ಶುರುವಾಯಿತೆನ್ನಿ. ಕೂಡಲೇ ನಮಗೆ ನೆನಪಾಗುವುದು ಭೇದಿ ನಿಲ್ಲಿಸುವ ಮಾತ್ರೆ. ‘ನೀರು ಕೊಡಬೇಡಿ, ಇನ್ನೂ ಹೆಚ್ಚಾದೀತು’ ಎನ್ನುವ ಹಿರಿಯರೂ ಉಂಟು. ಎರಡೂ ತಪ್ಪು. ಪ್ರಾಣಕ್ಕೆ ಕುತ್ತು ಬರುವುದು ದೇಹದಿಂದ ನೀರು, ಲವಣಗಳು ಹೊರಟುಹೋಗುವುದರಿಂದ. ಲೋಪೆರಮೈಡ್‌ನಂಥ ಮಾತ್ರೆ ಕರುಳಿನ ಚಲನೆಯನ್ನು ತಗ್ಗಿಸುತ್ತದೆ, ಅಷ್ಟೆ. ಹೋದ ನೀರನ್ನು ತುಂಬಿಕೊಡದು. ಚಿಕ್ಕ ಮಕ್ಕಳಿಗಂತೂ ಅದು ಅಪಾಯಕಾರಿ.

ತುಂಬಿಕೊಡುವುದು ಓ.ಆರ್.ಎಸ್., ಅಂದರೆ ಲವಣ ಮತ್ತು ಗ್ಲೂಕೋಸ್ ಬೆರೆತ ಪುಡಿ. ಗ್ಲೂಕೋಸ್ ಏಕೆ? ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಸೇರುತ್ತವೆ. ಅವುಗಳ ಬೆನ್ನಿಗೆ ನೀರೂ ಸೇರುತ್ತದೆ. ಭೇದಿಯಾಗುವಾಗಲೂ ಈ ದಾರಿ ಮುಚ್ಚುವುದಿಲ್ಲ.

1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ದ್ರಾವಣ ಸಾಲದಾಯಿತು. ಆಗ ಡಾ. ದಿಲೀಪ್ ಮಹಲನಬಿಸ್ ಇಂಥದೇ ದ್ರಾವಣವನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಸಾವಿನ ಪ್ರಮಾಣ ಸುಮಾರು ಶೇ. 30ರಿಂದ ಶೇ. 4ಕ್ಕಿಂತ ಕೆಳಗಿಳಿಯಿತು.

ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ, ಗುಟುಕು ಗುಟುಕಾಗಿ ಕುಡಿಸಿ. ಉಪ್ಪು ಹೆಚ್ಚಾಗಕೂಡದು. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ದಾರಿಯುದ್ದಕ್ಕೂ ಕುಡಿಸುತ್ತಿರಿ.

ಈ ಅಳತೆಯನ್ನು ಇಂದೇ ಮನೆಯವರಿಗೆಲ್ಲ ತಿಳಿಸಿ. ಪರೀಕ್ಷೆಯಲ್ಲಿ ಕೇಳದಿದ್ದರೂ ಇದು ನೆನಪಿರಬೇಕಾದ ಪಾಠ.