ಬೆಂಡೆಕಾಯಿ ತುದಿ ಮುರಿದು ನೋಡಿ



ಕಳೆದ ವಾರ ಡೊಂಬಿವಲಿಯಿಂದ ಒಬ್ಬ ಅಜ್ಜಿ ಫೋನ್ ಮಾಡಿದ್ದರು. ಮೊಮ್ಮಗಳು ಒಂಬತ್ತನೇ ತರಗತಿ, ಇಂಗ್ಲಿಷ್ ಮಾಧ್ಯಮ. "ಪರೀಕ್ಷೆ ಹತ್ರ ಬಂತು ಅಂತ ಪೇರಂಕೈಮ, ಕೋಲಂಕೈಮ ಅಂತ ಜಪ ಮಾಡ್ತಿದಾಳೆ. ಏನೇ ಅದು ಅಂದ್ರೆ, ನಿಂಗೆ ಗೊತ್ತಾಗಲ್ಲ ಬಿಡಜ್ಜಿ ಅಂತಾಳೆ. ನಂಗ್ಯಾಕೆ ಗೊತ್ತಾಗಬಾರದು? ನೀವು ಹೇಳಿ" ಎಂದರು. ಅವರ ದನಿ ಸ್ವಲ್ಪ ಇಳಿದಿತ್ತು. ನಾನೋ ಕನ್ನಡ ಬಿ.ಎ., ಎಸ್ಸೆಸ್ಸೆಲ್ಸಿಗೇ ವಿಜ್ಞಾನಕ್ಕೆ ಕೈಮುಗಿದವಳು. ಎರಡು ದಿನ ಪುಸ್ತಕ ಹಿಡಿದು ಕೂತೆ. ಅಜ್ಜೀ, ಇದು ನಿಮಗೆ.

ಒಂದೇ ಬಗೆಯ ಜೀವಕೋಶಗಳು ಒಟ್ಟಾಗಿ ಒಂದು ಕೆಲಸಕ್ಕೆ ನಿಂತರೆ ಅದು ಸರಳ ಅಂಗಾಂಶ. ಗಿಡದಲ್ಲಿ ಇಂಥವು ಮೂರು. ಮೂರೂ ನಿಮ್ಮ ತರಕಾರಿ ಚೀಲದಲ್ಲೇ ಇವೆ.

ಆಲೂಗಡ್ಡೆಯ ತಿರುಳು ಪೇರಂಕೈಮ. ತೆಳು ಗೋಡೆಯ ಜೀವಂತ ಕೋಶಗಳು, ನಡುನಡುವೆ ಸಣ್ಣ ಸಂದು. ಪಿಷ್ಟ ಕೂಡಿಡುವುದು ಇಲ್ಲೇ. ಎಲೆಯಲ್ಲಾದರೆ ಇದೇ ಕೋಶ ಪತ್ರಹರಿತ್ತು ತುಂಬಿಕೊಂಡು ಗಿಡಕ್ಕೆ ಅಡುಗೆ ಮಾಡುತ್ತದೆ. ತಾವರೆ ದಂಟಿನಲ್ಲಿ ಗಾಳಿಗೆ ಜಾಗ ಮಾಡಿಕೊಡುತ್ತದೆ. ಬಾಡಿದ ಸೊಪ್ಪನ್ನು ನೀರಿನಲ್ಲಿಟ್ಟರೆ ಮತ್ತೆ ನಿಲ್ಲುತ್ತದಲ್ಲ, ಈ ಕೋಶಗಳು ನೀರು ಕುಡಿದು ಉಬ್ಬಿದ್ದಕ್ಕೇ.

ಕೊತ್ತಂಬರಿ ದಂಟು ಗಾಳಿಗೆ ಬಾಗಿ ಮತ್ತೆ ನೆಟ್ಟಗಾಗುವುದು ಕೋಲಂಕೈಮದಿಂದ. ಇದೂ ಜೀವಂತವೇ, ಆದರೆ ಗೋಡೆಯ ಮೂಲೆಗಳಲ್ಲಿ ಸೆಲ್ಯುಲೋಸ್, ಪೆಕ್ಟಿನ್ ಸೇರಿ ದಪ್ಪ. ಗಿಡ ಬೆಳೆದಂತೆ ತಾನೂ ಹಿಗ್ಗುತ್ತದೆ. ಜೋಳ, ಕಬ್ಬಿನ ಕಾಂಡದಲ್ಲಿ ಇದು ಇರುವುದಿಲ್ಲ.

ಮೂರನೆಯದು ನಿಮಗೆ ಎಂದೋ ಗೊತ್ತು. ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುತ್ತೀರಲ್ಲ? (ಭಾಜಿವಾಲಾ ಬೈಯುವುದೂ ಉಂಟು.) ಟಕ್ಕನೆ ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು, ನಾರು. ಆ ನಾರೇ ಸ್ಕ್ಲೀರಂಕೈಮ. ಕೋಶದ ಗೋಡೆಗೆ ಲಿಗ್ನಿನ್ ಎಂಬ ಗಟ್ಟಿ ವಸ್ತು ಕೂಡುತ್ತಾ ಹೋಗುತ್ತದೆ. ಕೋಶ ಬಲಿತು ಮುಗಿಯುವ ಹೊತ್ತಿಗೆ ಒಳಗಿನ ಜೀವ ಸಾಮಾನ್ಯವಾಗಿ ಸತ್ತಿರುತ್ತದೆ. ಗೋಡೆ ಮಾತ್ರ ಉಳಿದು ಗಿಡವನ್ನು ಎತ್ತಿ ಹಿಡಿಯುತ್ತದೆ. ತೆಂಗಿನ ನಾರು, ಗೋಣಿಚೀಲದ ಸೆಣಬು ಎರಡೂ ಇದೇ. ಉದ್ದವಾಗಿದ್ದರೆ ನಾರು, ಗಿಡ್ಡಗಿದ್ದರೆ ಕಲ್ಲುಕೋಶ. ತೆಂಗಿನ ಚಿಪ್ಪು ಕಲ್ಲುಕೋಶಗಳದ್ದೇ. ಸೀಬೆಹಣ್ಣಿನ ತಿರುಳಿನಲ್ಲಿ, ಬೀಜ ಬಿಟ್ಟು, ಹಲ್ಲಿಗೆ ಮರಳಿನ ಹಾಗೆ ಸಿಗುವುದೂ ಅವೇ.

ಅಜ್ಜೀ, ನಾಳೆ ತರಕಾರಿ ಹೆಚ್ಚುವಾಗ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೇಕೆಂದೇ ಒಂದೆರಡು ಬಲಿತ ಬೆಂಡೆಕಾಯಿ ತನ್ನಿ. ಹೆಸರು ಅವಳು ಹೇಳಲಿ, ನೀವು ತೋರಿಸಿ. ಪರೀಕ್ಷೆ ಹೇಗಾಯಿತೆಂದು ಮರೆಯದೆ ಫೋನ್ ಮಾಡಿ.