ಕರಗುವುದು, ಕರಗದಿರುವುದು: ತಿಳಿನೀರಿಗೂ ಪರೀಕ್ಷೆ ಏಕೆ?

ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗಳ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ



ನೀರು ತಿಳಿಯಾಗಿದ್ದರೆ ಶುದ್ಧವೆಂದು ಭಾವಿಸುವುದು ವಾಡಿಕೆ. ಆದರೆ ಕಣ್ಣಿಗೆ ಕಾಣುವುದು ತೇಲುವ ಮಣ್ಣು ಮಾತ್ರ. ಅದು ಬಟ್ಟೆಯಲ್ಲಿ ಉಳಿಯುತ್ತದೆ, ಇಲ್ಲವೇ ಪಟಿಕ ಹಾಕಿದಾಗ ತಳಕ್ಕಿಳಿಯುತ್ತದೆ. ಕರಗಿದ ಲವಣವಾದರೋ ನೀರಿನೊಡನೆಯೇ ಬಟ್ಟೆಯನ್ನು ದಾಟಿಹೋಗುತ್ತದೆ.

ಯಾವುದು ಕರಗುತ್ತದೆ, ಯಾವುದು ಕರಗದು ಎಂಬುದಕ್ಕೆ ರಸಾಯನಶಾಸ್ತ್ರದಲ್ಲಿ ಸರಳ ನಿಯಮಗಳಿವೆ. ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳು ಬಹುತೇಕ ಎಲ್ಲವೂ ಕರಗುತ್ತವೆ. ನೈಟ್ರೇಟುಗಳೂ ಹಾಗೆಯೇ; ಆದುದರಿಂದಲೇ ಗೊಬ್ಬರ, ತಿಪ್ಪೆ ಹಾಗೂ ಶೌಚಗುಂಡಿಗಳ ನೈಟ್ರೇಟು ಮಳೆನೀರಿನೊಡನೆ ಅಂತರ್ಜಲಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಫ್ಲೋರೈಡ್‌ಗಳನ್ನು ‘ಕರಗದವು’ ಎಂಬ ಸಾಲಿಗೆ ಸೇರಿಸುವುದು ರೂಢಿ.

ಇಲ್ಲಿಯೇ ಎಚ್ಚರ ಅಗತ್ಯ. ‘ಕರಗದು’ ಎಂದರೆ ಕಿಂಚಿತ್ತೂ ಕರಗದು ಎಂದಲ್ಲ. ಒಂದು ಲೀಟರ್ ನೀರಿನಲ್ಲಿ ಅಡುಗೆ ಉಪ್ಪು ಸುಮಾರು 360 ಗ್ರಾಂ ಕರಗಿದರೆ, ಕ್ಯಾಲ್ಸಿಯಂ ಫ್ಲೋರೈಡ್ ಸುಮಾರು 16 ಮಿಲಿಗ್ರಾಂ ಮಾತ್ರ ಕರಗುತ್ತದೆ. ಅಷ್ಟರಲ್ಲಿಯೇ 7ರಿಂದ 8 ಮಿಲಿಗ್ರಾಂ ಫ್ಲೋರೈಡ್ ಅಡಗಿರುತ್ತದೆ. ಭಾರತೀಯ ಮಾನಕ ಐಎಸ್ 10500ರಂತೆ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವಿಲ್ಲದಿದ್ದಲ್ಲಿ ಗರಿಷ್ಠ ಮಿತಿ 1.5 ಮಿಲಿಗ್ರಾಂ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಗಟ್ಟಿಶಿಲೆಯ ಖನಿಜಗಳಿಂದ ಫ್ಲೋರೈಡ್ ಹೀಗೆ ನೀರಿಗೆ ಸೇರುತ್ತದೆ. ಕ್ಯಾಲ್ಸಿಯಂ ಕಡಿಮೆಯಿರುವ ಮೆದು ನೀರು ಇದನ್ನು ಇನ್ನೂ ಹೆಚ್ಚು ಹಿಡಿದಿಡಬಲ್ಲದು. ಇಂತಹ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆ ಮೂಡುತ್ತದೆ. ಪ್ರಮಾಣ ಹೆಚ್ಚಿದ್ದಲ್ಲಿ ಮೂಳೆಗಳು ಬಿಗಿದು ದೇಹ ಬಾಗುತ್ತದೆ. ಹೀಗೆ ಹಾಳಾದ ಹಲ್ಲು, ಮೂಳೆಗಳು ಮತ್ತೆ ಮೊದಲಿನಂತಾಗುವುದಿಲ್ಲ.

ಕಾಯಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಗಡಸು ನೀರನ್ನು ಕುದಿಸಿದಾಗ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾರ್ಬೊನೇಟಾಗಿ ಮಾರ್ಪಟ್ಟು ಪಾತ್ರೆಯ ತಳದಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಕುದಿಸುವುದರಿಂದ ರೋಗಾಣುಗಳೂ ಸಾಯುತ್ತವೆ. ಆದರೆ ಫ್ಲೋರೈಡ್ ಮತ್ತು ನೈಟ್ರೇಟು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಹೆಚ್ಚುತ್ತದೆ.

ಕರಗಿದ್ದನ್ನು ತೆಗೆಯಲು ಅದನ್ನು ಕರಗದ ವಸ್ತುವಿಗೆ ಅಂಟಿಸಬೇಕು, ಇಲ್ಲವೇ ಪೊರೆಯಲ್ಲಿ ತಡೆಯಬೇಕು. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನವು ಮೊದಲನೆಯ ಬಗೆಯದು. ಅಲ್ಲಿ ಪಟಿಕ ಮತ್ತು ಸುಣ್ಣ ಸೇರಿ ಉಂಟಾಗುವ ಅಲ್ಯುಮಿನಿಯಂ ಹೈಡ್ರಾಕ್ಸೈಡಿನ ಮಂಡಿಯು ಫ್ಲೋರೈಡನ್ನು ಹಿಡಿದು ತಳಕ್ಕಿಳಿಯುತ್ತದೆ. ಶುದ್ಧ ಕುಡಿಯುವ ನೀರಿನ ಘಟಕಗಳ ಆರ್‌ಒ ಪೊರೆಯು ಎರಡನೆಯ ಬಗೆಯದು.

ಆದುದರಿಂದ ಸಮಿತಿಗಳು ಮೂರು ಅಂಶಗಳನ್ನು ಗಮನದಲ್ಲಿಡುವುದು ಸೂಕ್ತ. ಟಿಡಿಎಸ್ ಮಾಪಕವು ಕರಗಿದ ಲವಣಗಳ ಒಟ್ಟು ಮೊತ್ತವನ್ನಷ್ಟೇ ಅಂದಾಜಿಸುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟೆಂದು ತಿಳಿಸದು. ಕ್ಷೇತ್ರ ಪರೀಕ್ಷಾ ಕಿಟ್‌ನಲ್ಲಿ ಫ್ಲೋರೈಡ್ ಮಿತಿ ಮೀರಿದ್ದು ಕಂಡುಬಂದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ದೃಢಪಡಿಸಿಕೊಳ್ಳಬೇಕು. ಅಂಗನವಾಡಿ ಮತ್ತು ಶಾಲೆಗಳ ನೀರಿಗೆ ಇಲ್ಲಿ ಮೊದಲ ಆದ್ಯತೆ. ಆರ್‌ಒ ಘಟಕ ಹೊರಬಿಡುವ ನೀರಿನಲ್ಲಿ ಲವಣಗಳು ಸಾಂದ್ರವಾಗಿರುವುದರಿಂದ ಅದನ್ನು ಬಾವಿಗೆ ಅಥವಾ ಇಂಗುಗುಂಡಿಗೆ ಹರಿಸಬಾರದು.

ನೀರಿನ ಬಣ್ಣ, ರುಚಿ ಹೇಳದ ಸಂಗತಿಯನ್ನು ಪರೀಕ್ಷೆ ಹೇಳುತ್ತದೆ. ಪ್ರತಿ ಜಲಮೂಲದ ಫಲಿತಾಂಶವನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟಿಸಿ, ಗ್ರಾಮಸಭೆಯಲ್ಲಿ ಓದಿ ತಿಳಿಸಬೇಕಾಗಿ ಕೋರಲಾಗಿದೆ.