ಮನೆಯ ಬಾಗಿಲು ಬದಲಿಸುವ ಮೊದಲು
(ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ)



ಸಂಘದ ಭೇಟಿಗೆಂದು ನಿಮ್ಮ ಮನೆಗಳಿಗೆ ಬಂದಾಗ ನಾವು ಒಂದು ವಿಷಯ ಗಮನಿಸಿದ್ದೇವೆ. ಮುಂಬಾಗಿಲು ಬಣ್ಣ ಬಳಿದುಕೊಂಡು ಚೆನ್ನಾಗಿರುತ್ತದೆ. ಹಿತ್ತಲ ಬಾಗಿಲನ್ನು ಮಾತ್ರ ಹಗ್ಗದಿಂದ ಕಟ್ಟಿರುತ್ತೀರಿ, ಇಲ್ಲವೇ ಕಲ್ಲು ಒತ್ತಿಟ್ಟಿರುತ್ತೀರಿ. ಕೇಳಿದರೆ, "ನಮ್ಮನೇಲಿ ಕದಿಯೋಕೆ ಏನಿದೆ ಮೇಡಂ?" ಅಂತ ನಗ್ತೀರಿ. ಬೆಳೆದ ಹೆಣ್ಣುಮಕ್ಕಳಿದ್ದಾರೆ, ವಯಸ್ಸಾದ ಅತ್ತೆ ಇದ್ದಾರೆ, ಕೆಲವೊಮ್ಮೆ ಸಂಘದ ಹಣವೂ ಇರುತ್ತದಲ್ಲವೇ?

ಒಂದು ಸಂಘದಲ್ಲಿ ಶನಿವಾರ ಸಂಗ್ರಹಿಸಿದ ಉಳಿತಾಯದ ಹಣ, ಸೋಮವಾರ ಬ್ಯಾಂಕಿಗೆ ಕಟ್ಟಲೆಂದು ಸದಸ್ಯೆಯೊಬ್ಬರ ಮನೆಯಲ್ಲಿತ್ತು. ಭಾನುವಾರ ಮನೆಯವರೆಲ್ಲ ಪೂಜೆಗೆ ಹೋದಾಗ ಕಳ್ಳತನವಾಯಿತು. ಬೀಗ ಹಾಗೇ ಇತ್ತು. ಗೆದ್ದಲು ತಿಂದ ಚೌಕಟ್ಟಿನಿಂದ ಚಿಲಕವೇ ಕಿತ್ತು ಬಂದಿತ್ತು. "ಅವಳೇ ತೆಗೆದಿರಬಹುದು" ಅನ್ನೋ ಮಾತು ಹುಟ್ಟಿತು. ಆ ಸಹೋದರಿ ಮೂರು ತಿಂಗಳು ಸಭೆಗೆ ಬರಲಿಲ್ಲ. ಆದ್ದರಿಂದ ಈ ವಿಷಯ ಇವತ್ತು ಮಾತಾಡೋಣ.

ಮೊದಲು ಚೌಕಟ್ಟು ನೋಡಿ. ಹೊಸ್ತಿಲ ಹತ್ತಿರ ಚಾಕುವಿನ ತುದಿಯಿಂದ ಚುಚ್ಚಿ. ಸಲೀಸಾಗಿ ಒಳಗೆ ಹೋದರೆ ಗೆದ್ದಲು ಹಿಡಿದಿದೆ ಅಥವಾ ಮರ ಕೊಳೆತಿದೆ. ಚೌಕಟ್ಟು ಗಟ್ಟಿ ಇದ್ದರೆ ಬಾಗಿಲು ಮಾತ್ರ ಬದಲಿಸಿ, ಖರ್ಚು ಉಳಿಯುತ್ತದೆ. ಚೌಕಟ್ಟೇ ಹೋಗಿದ್ದರೆ ಸಿಮೆಂಟಿನ ಚೌಕಟ್ಟು ಸಿಗುತ್ತದೆ. ಅದನ್ನು ಗೆದ್ದಲು ತಿನ್ನೋದಿಲ್ಲ.

ಇನ್ನು ಬಾಗಿಲು. ಹಳೇ ಮನೆ ಕೆಡವಿದಾಗ ಸಿಗುವ ಹಲಸು, ಸಾಗುವಾನಿ ಬಾಗಿಲುಗಳನ್ನು ತಾತ್ಸಾರ ಮಾಡಬೇಡಿ. ಮರ ಚೆನ್ನಾಗಿ ಒಣಗಿರುವುದರಿಂದ ಬಾಗುವುದು ಕಡಿಮೆ. ಅಳತೆ ಸರಿಹೊಂದಬೇಕು, ಗೆದ್ದಲು ಇರಬಾರದು, ಅಷ್ಟೆ. ಅಂಗಡಿಯ ಫ್ಲಶ್ ಬಾಗಿಲಾದರೆ ಐ.ಎಸ್. 2202 ಎಂಬ ಐ.ಎಸ್.ಐ. ಗುರುತು ನೋಡಿ. ಹೊರಬಾಗಿಲಿಗೆ ನೀರು ತಡೆಯುವಂಥದ್ದೇ ಬೇಕು ಎಂದು ಕೇಳಿ. ಬೆರಳಿನಿಂದ ತಟ್ಟಿ ನೋಡಿ. ಡಬಡಬ ಸದ್ದು ಬಂದರೆ ಒಳಗೆ ಟೊಳ್ಳು. ತೆಳುವಾದ ಪಿ.ವಿ.ಸಿ. ಬಾಗಿಲು ಬಚ್ಚಲಿಗೆ ಸರಿ, ಹೊರಗೆ ಬೇಡ. ಹಿತ್ತಲಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ತಗಡಿನ ಬಾಗಿಲೂ ಆದೀತು. ರೆಡ್ ಆಕ್ಸೈಡ್ ಹಚ್ಚಿಸಿ, ಇಲ್ಲದಿದ್ದರೆ ಮಳೆಗೆ ತುಕ್ಕು ಹಿಡಿಯುತ್ತದೆ.

ಮರ ಕೊಳ್ಳುವಾಗ ಲೆಕ್ಕ ನೀವೇ ಹಾಕಿ. ಉದ್ದ, ಅಗಲ ಅಡಿಯಲ್ಲಿ, ದಪ್ಪ ಇಂಚಿನಲ್ಲಿ ಗುಣಿಸಿ 12ರಿಂದ ಭಾಗಿಸಿದರೆ ಘನ ಅಡಿ. 7 ಅಡಿ ಉದ್ದ, 3 ಅಡಿ ಅಗಲ, ಒಂದೂಕಾಲು ಇಂಚು ದಪ್ಪಕ್ಕೆ ಸುಮಾರು 2.2 ಘನ ಅಡಿ.

ಬಾಗಿಲು ಒಳಗಡೆ ತೆರೆಯಲಿ, ಆಗ ಹಿಂಜಿನ ಕಡ್ಡಿ ಹೊರಗಿನವರ ಕೈಗೆ ಸಿಗದು. 4 ಇಂಚಿನ ಮೂರು ಹಿಂಜು ಹಾಕಿಸಿ. ಸ್ಕ್ರೂಗಳನ್ನು ಸುತ್ತಿಗೆಯಿಂದ ಹೊಡೆಯಲು ಬಿಡಬೇಡಿ, ತಿರುಗಿಸಿಯೇ ಕೂರಿಸಲಿ. ಹೊಡೆದ ಸ್ಕ್ರೂ ಎಳೆದರೆ ಬಂದುಬಿಡುತ್ತದೆ. ಹೊರಗಿನ ಚಿಲಕಕ್ಕೆ ಆರುಪಾರು ಬೋಲ್ಟ್ ಹಾಕಿಸಿ ಒಳಗಿನಿಂದ ನಟ್ಟು ಬಿಗಿಸಿ. ಒಳಗೆ ಮೇಲೊಂದು, ಕೆಳಗೊಂದು ಅಗುಳಿ ಇರಲಿ. ಬಾಗಿಲಿನ ಕೆಳ ಅಂಚಿಗೂ ಬಣ್ಣ ಹಚ್ಚಿ. ನೀರು ಹೀರಿ ಉಬ್ಬುವುದು ಅಲ್ಲಿಂದಲೇ. ಒಂದು ಎಚ್ಚರಿಕೆ: ಮಕ್ಕಳು, ಮುದುಕರು ಒಳಗಿರುವಾಗ ಹೊರಗಿನಿಂದ ಬೀಗ ಹಾಕಿ ಹೋಗಬೇಡಿ. ಬೆಂಕಿ ಹೊತ್ತಿಕೊಂಡರೆ ಅವರು ಎಲ್ಲಿಂದ ಬರಬೇಕು?

ಹಣಕ್ಕೇನು ಮಾಡೋದು? ಸಂಘದಿಂದ 12,000 ರೂಪಾಯಿ ಸಾಲ ಪಡೆದಿರಿ ಎನ್ನೋಣ. ನೂರಕ್ಕೆ ತಿಂಗಳಿಗೆ 1 ರೂಪಾಯಿ ಬಡ್ಡಿ, ತಿಂಗಳಿಗೆ 1,000 ಅಸಲು ತೀರಿಸಿದರೆ, ಉಳಿದ ಅಸಲಿಗೆ ಮಾತ್ರ ಬಡ್ಡಿ ಬೀಳುತ್ತದೆ. ವರ್ಷಕ್ಕೆ ಒಟ್ಟು 780 ರೂಪಾಯಿ. ಅದೇ ಹೊರಗೆ ನೂರಕ್ಕೆ 2 ರೂಪಾಯಿಯಂತೆ, ಕೊನೆಯವರೆಗೂ ಪೂರ್ತಿ ಮೊತ್ತದ ಮೇಲೆ ಬಡ್ಡಿ ಕಟ್ಟಿದರೆ 2,880 ರೂಪಾಯಿ.

ಕೊನೆಯದಾಗಿ ಮೂರು ಕೆಲಸ. ಮುಂದಿನ ಸಭೆಯೊಳಗೆ ಪ್ರತಿಯೊಬ್ಬರೂ ಪಕ್ಕದ ಸದಸ್ಯೆಯ ಹಿತ್ತಲ ಬಾಗಿಲು ನೋಡಿ ಬನ್ನಿ. ಒಬ್ಬಂಟಿಯಾಗಿರುವ, ವಿಧವೆಯಾದ ಸಹೋದರಿಯರ ಬಾಗಿಲಿಗೆ ಮೊದಲ ಸಾಲ ಕೊಡಿ. ಸಭೆಯ ದಿನವನ್ನು ಬ್ಯಾಂಕ್ ತೆರೆದಿರುವ ದಿನಕ್ಕೆ ಬದಲಿಸಿ, ಹಣ ಯಾರ ಮನೆಯಲ್ಲೂ ರಾತ್ರಿ ಉಳಿಯದಿರಲಿ. ಮೇಲೆ ಹೇಳಿದ ಸಹೋದರಿಯ ಮನೆಗೆ ಸಂಘದವರೇ ಹೋಗಿ, ಮುರಿದ ಚೌಕಟ್ಟನ್ನು ಕಣ್ಣಾರೆ ಕಂಡು, ಆಕೆಯನ್ನು ಕೈಹಿಡಿದು ಸಭೆಗೆ ಕರೆತಂದರು. ಅವರ ಹೊಸ ಬಾಗಿಲೂ ಸಂಘದ ಸಾಲದಿಂದಲೇ ಆಯಿತು.